ಆಟದ ಸರದಿಯಲ್ಲಿ ಕನ್ನಡಕ್ಕೂ ಒಂದು ಕಾಲಂ ಬೇಕು!

(ರಾಜ್ಯೋತ್ಸವದ ಅಂಗವಾಗಿ ನಡೆದ ಯುವಕರ ಸಭೆಯಲ್ಲಿ ಮಾಡಿದ ಭಾಷಣ. ಸಭೆಗೆ ಬರಲಾಗದ ಓದುಗರಿಗಾಗಿ ಇಲ್ಲಿ ಕೊಡಲಾಗಿದೆ.)



ಗಡಿ, ನೀರು, ಉದ್ಯೋಗ, ನಾಮಫಲಕ - ಇಷ್ಟೆಲ್ಲ ಸಮಸ್ಯೆಗಳಿರುವಾಗ ಈತ ಕಂಪ್ಯೂಟರ್ ಆಟದ ಮಾತು ಎತ್ತಿದ್ದಾನಲ್ಲ ಎಂದು ನಿಮ್ಮಲ್ಲಿ ಕೆಲವರು ಮೂಗು ಮುರಿಯಬಹುದು. ಮುರಿಯಿರಿ, ಬೇಸರವಿಲ್ಲ. ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಮನೆಯ ಹುಡುಗ ಸಂಜೆ ಏಳರಿಂದ ಹತ್ತರವರೆಗೆ ಯಾರೊಡನೆ ಮಾತಾಡುತ್ತಾನೆ? ನಿಮ್ಮೊಡನೆಯೇ? ಪಕ್ಕದ ಮನೆಯವರೊಡನೆಯೇ? ಅಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಟದೊಳಗಿನ ಅಪರಿಚಿತರೊಡನೆ ಮಾತಾಡುತ್ತಾನೆ. ಯಾವ ಭಾಷೆಯಲ್ಲಿ? ಅಲ್ಲೇ ಇದೆ ವಿಷಯ.

ನನಗೂ ಇದು ಮೊದಲು ಗೊತ್ತಿರಲಿಲ್ಲ. ನನ್ನ ಅಕ್ಕನ ಮಗ ಇಂಥ ಆಟಗಳನ್ನು ಆಡುವವನು. ಒಂದು ರಾತ್ರಿ ಅವನ ಹಿಂದೆ ಕುಳಿತು ನೋಡುತ್ತಿದ್ದೆ. ನಾಲ್ವರು ಅಪರಿಚಿತರು ಒಂದು ಗುಹೆಗೆ ನುಗ್ಗಿದ್ದರು. ಅರ್ಧ ಗಂಟೆ ಹರಕು ಮುರುಕು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋರಾಡಿದರು. ಕೊನೆಯಲ್ಲಿ ರಾಕ್ಷಸ ಇವರನ್ನೆಲ್ಲ ಕೆಡವಿದಾಗ, ಅವರಲ್ಲೊಬ್ಬ ಇಂಗ್ಲಿಷ್ ಅಕ್ಷರಗಳಲ್ಲಿ "ಅಯ್ಯೋ ಗುರು, ಹೋಯ್ತು" ಎಂದು ಬರೆದ! ನಮ್ಮ ಹುಡುಗ ಕುರ್ಚಿಯಿಂದ ಎದ್ದೇ ಬಿಟ್ಟ. "ನೀವು ಕನ್ನಡದವ್ರಾ?" ಎಂದು ಕೇಳಿದ. ಆತ ತಿಪಟೂರಿನವನು. ಇವನು ತುಮಕೂರಿನವನು. ಒಂದೇ ಜಿಲ್ಲೆಯ ಇಬ್ಬರು ಹುಡುಗರು ಅರ್ಧ ಗಂಟೆ ಹೆಗಲಿಗೆ ಹೆಗಲು ಕೊಟ್ಟು ಕಾದಾಡಿದ್ದಾರೆ, ಒಬ್ಬರಿಗೊಬ್ಬರು ಪರದೇಶಿಗಳಾಗಿ!

"ಮಾವ, ಇವರು ಸಿಕ್ಕಿದ್ದು ಬರೀ ಅದೃಷ್ಟ. ಆಟಕ್ಕೆ ನಾವು ಕನ್ನಡದವರು ಅಂತ ಗೊತ್ತೇ ಇಲ್ಲ" ಎಂದ ಹುಡುಗ. ಆ ಮಾತು ನನ್ನನ್ನು ಚುಚ್ಚಿತು. ಯಂತ್ರಕ್ಕೆ ಏಕೆ ಗೊತ್ತಿಲ್ಲ? ಗೊತ್ತಾಗುವಂತೆ ಮಾಡುವುದು ಹೇಗೆ? ಅದನ್ನು ಪರೀಕ್ಷಿಸಿ ತೋರಿಸುವುದು ಹೇಗೆ? ಈ ಮೂರು ಪ್ರಶ್ನೆಗಳೇ ಇಂದಿನ ನನ್ನ ಭಾಷಣ.

ಯಂತ್ರ ಜೊತೆಗೂಡಿಸುವ ಬಗೆ

ಇವು ಪಾತ್ರ ವಹಿಸುವ ಆಟಗಳು. ನೀವೊಂದು ವೇಷ ತೊಡುತ್ತೀರಿ: ಯೋಧ, ಮಾಂತ್ರಿಕ, ವೈದ್ಯ. ಗುಹೆಯೊಳಗಿನ ಶತ್ರುವನ್ನು ಒಬ್ಬರೇ ಗೆಲ್ಲಲಾಗದು, ತಂಡ ಬೇಕು. ಅಮೆರಿಕದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟ 2004ರಲ್ಲಿ ಆರಂಭವಾಯಿತು. ಅದರಲ್ಲಿ ಮೊದಲ ಐದು ವರ್ಷ ತಂಡ ಕಟ್ಟುವುದೆಂದರೆ ಸಂತೆಯಲ್ಲಿ ಕೂಗಿದಂತೆ. ಆಟದೊಳಗಿನ ಊರಿನಲ್ಲಿ ನಿಂತು "ವೈದ್ಯ ಬೇಕು, ವೈದ್ಯ ಬೇಕು" ಎಂದು ಗಂಟೆಗಟ್ಟಲೆ ಬರೆಯಬೇಕಿತ್ತು. 2009ರ ಡಿಸೆಂಬರಿನಲ್ಲಿ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರು. ನೀವು ಸರದಿಯಲ್ಲಿ ಹೆಸರು ಹಚ್ಚಿದರೆ ಸಾಕು, ಬೇರೆ ಬೇರೆ ಸರ್ವರ್‌ಗಳಲ್ಲಿರುವ ಐವರನ್ನು ಆಯ್ದು ಅದೇ ತಂಡ ಕಟ್ಟಿ ಒಳಗೆ ಕಳಿಸುತ್ತದೆ. ಇದನ್ನೇ ಮ್ಯಾಚ್‌ಮೇಕಿಂಗ್ ಎನ್ನುತ್ತಾರೆ. ನಾವು 'ಜೋಡಣೆ' ಎನ್ನೋಣ.

ತಂಡಕ್ಕೆ ಲೆಕ್ಕವಿದೆ. ಜಪಾನಿನ 'ಫೈನಲ್ ಫ್ಯಾಂಟಸಿ 14' ಎಂಬ ಆಟದಲ್ಲಿ ಸಾಮಾನ್ಯ ಗುಹೆಗೆ ನಾಲ್ವರು: ಮುಂದೆ ನಿಂತು ಏಟಿಗೆ ಎದೆಯೊಡ್ಡುವವನೊಬ್ಬ, ಗಾಯಕ್ಕೆ ಮದ್ದು ಹಾಕುವವನೊಬ್ಬ, ಹೊಡೆಯುವವರು ಇಬ್ಬರು. ಅಮೆರಿಕದ ಆಟದಲ್ಲಿ ಹೊಡೆಯುವವರು ಮೂವರು. ಎದೆಯೊಡ್ಡಲು ಎಲ್ಲ ಕಾಲಕ್ಕೂ ಜನ ಕಡಿಮೆ! ತಪ್ಪಾದರೆ ಬೈಗುಳ ಅವನಿಗೇ ತಾನೆ? ಆದ್ದರಿಂದಲೇ ಕೊರತೆಯಿರುವ ಪಾತ್ರ ವಹಿಸಿ ಬಂದವರಿಗೆ ಎರಡೂ ಆಟಗಳು ವಿಶೇಷ ಬಹುಮಾನ ಕೊಡುತ್ತವೆ.

ಇಬ್ಬರು ಎದುರುಬದುರಾಗಿ ಸೆಣಸುವ ಪಂದ್ಯಗಳಲ್ಲಿ ಇನ್ನೊಂದು ಅಳತೆ ಸೇರುತ್ತದೆ: ಆಟಗಾರನ ಸಾಮರ್ಥ್ಯದ ಅಂಕ. ಇದರ ಬೇರು ಚದುರಂಗದಲ್ಲಿದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ ರೂಪಿಸಿದ ಲೆಕ್ಕವನ್ನು ವಿಶ್ವ ಚದುರಂಗ ಸಂಸ್ಥೆ 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಬಲಿಷ್ಠನಿಗೆ ನೂರಕ್ಕೆ ಸುಮಾರು 76 ಪಾಲು ಸಿಗುವ ನಿರೀಕ್ಷೆ. ಆನಂದ್‌ಗೂ ಇದೇ ಲೆಕ್ಕ, ಆನ್‌ಲೈನ್ ಯೋಧನಿಗೂ ಇದರದೇ ಮರಿ ಲೆಕ್ಕ.

ಯಂತ್ರ ತೂಗುವುದು ಇಷ್ಟನ್ನೇ: ಪಾತ್ರ, ಸಾಮರ್ಥ್ಯ, ದೂರ, ಕಾದ ಹೊತ್ತು. ಮೊದಲು ಬಿಗಿಯಾಗಿ ಹುಡುಕುತ್ತದೆ. ಸಿಗದಿದ್ದರೆ ಹೊತ್ತು ಕಳೆದಂತೆ ಬಲೆಯನ್ನು ಅಗಲ ಮಾಡುತ್ತದೆ. ಬಹುಪಾಲು ಆಟಗಳ ಜೋಡಣೆ ಹೀಗೆಯೇ. ಇಲ್ಲಿ ನೆನಪಿಡಿ: ಯಂತ್ರ ತನ್ನ ಮುಂದಿರುವ ಕಾಲಂಗಳನ್ನು ಮಾತ್ರ ಓದುತ್ತದೆ. ಕಾಲಂ ಇಲ್ಲದ ಸಂಗತಿ ಅದರ ಪಾಲಿಗೆ ಲೋಕದಲ್ಲೇ ಇಲ್ಲ.

2011ರ ಜನಗಣತಿಯಲ್ಲಿ ಸುಮಾರು 4 ಕೋಟಿ 37 ಲಕ್ಷ ಜನ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದರು. ಆ ಅಂಕಿ ನಮಗೆ ಸಿಕ್ಕಿದ್ದು ಹೇಗೆ? ಗಣತಿಯ ಹಾಳೆಯಲ್ಲಿ ತಾಯ್ನುಡಿಯ ಕಾಲಂ ಇತ್ತು, ಮನೆಗೆ ಬಂದ ಮೇಷ್ಟ್ರು ಕೇಳಿದರು, ನಾವು ಹೇಳಿದೆವು. ಕಾಲಂ ಇಲ್ಲದಿದ್ದರೆ ನಾಲ್ಕು ಕೋಟಿ ಜನವೂ ಕಣ್ಮರೆ!

ಭಾಷೆಯ ಕಾಲಂ ಇರುವ ಆಟ

"ಆಟದಲ್ಲಿ ಭಾಷೆಯ ಕಾಲಂ ಇಡಲು ಸಾಧ್ಯವೇ?" ಎಂದು ಕೇಳುವವರಿದ್ದಾರೆ. ಸಾಧ್ಯ ಮಾತ್ರವಲ್ಲ, ಆಗಲೇ ಇದೆ. ನಾನು ಹೇಳಿದ 'ಫೈನಲ್ ಫ್ಯಾಂಟಸಿ 14' ಮೊದಲು 2010ರಲ್ಲಿ ಬಂದು ಸೋತು ನೆಲಕಚ್ಚಿತು. ನವೋಕಿ ಯೋಶಿದಾ ಎಂಬುವರ ನೇತೃತ್ವದಲ್ಲಿ ಹೊಸದಾಗಿ ಕಟ್ಟಿ 2013ರ ಆಗಸ್ಟಿನಲ್ಲಿ ಮತ್ತೆ ಬಿಡುಗಡೆ ಮಾಡಿದರು. ಅದರ ಸರದಿಯಲ್ಲಿ ಹೆಸರು ಹಚ್ಚುವಾಗ ಜಪಾನಿ, ಇಂಗ್ಲಿಷ್, ಜರ್ಮನ್, ಫ್ರೆಂಚ್ ಎಂಬ ನಾಲ್ಕು ಗುರುತುಗಳಿರುತ್ತವೆ. ನಿಮಗೆ ಒಪ್ಪಿಗೆಯಾದ ಭಾಷೆಗಳನ್ನು ಆರಿಸಿಕೊಳ್ಳಬಹುದು. ಒಂದನ್ನೂ ಆರಿಸಬಹುದು, ನಾಲ್ಕನ್ನೂ ಆರಿಸಬಹುದು. ಜರ್ಮನ್ ಮಾತ್ರ ಆರಿಸಿದವನಿಗೆ ಜರ್ಮನ್ ಬಲ್ಲ ಜೊತೆಗಾರರನ್ನು ಹುಡುಕುವುದು ಯಂತ್ರದ ಕೆಲಸ.

ಇದಕ್ಕೂ ಹಿಂದಿನ ಕಥೆ ಕೇಳಿ. ಅದೇ ಸರಣಿಯ 11ನೆಯ ಆಟ 2002ರಲ್ಲಿ ಜಪಾನಿನಲ್ಲಿ ಆರಂಭವಾಗಿ 2003ರಲ್ಲಿ ಅಮೆರಿಕಕ್ಕೆ ಹೋಯಿತು. ಎರಡೂ ದೇಶದವರು ಒಂದೇ ಲೋಕದಲ್ಲಿ ಆಡಿದರು. ಮಾತು ತಿಳಿಯಬೇಕಲ್ಲ? ಆಟದೊಳಗೇ ಒಂದು ಪದಪಟ್ಟಿ ಇಟ್ಟರು. ನೀವು ಇಂಗ್ಲಿಷಿನಲ್ಲಿ "ನಮಸ್ಕಾರ" ಎಂಬರ್ಥದ ಪದ ಆರಿಸಿದರೆ ಜಪಾನಿಯವನ ಪರದೆಯ ಮೇಲೆ ಅದು ಜಪಾನಿಯಲ್ಲೇ ಕಾಣುತ್ತದೆ. ಎಂಥ ಒಳ್ಳೆಯ ಉಪಾಯ! ಆದರೂ ಕೆಲವು ಜಪಾನಿ ಆಟಗಾರರು ತಮ್ಮ ಹೆಸರಿನ ಮುಂದೆ "ಜಪಾನಿಯರು ಮಾತ್ರ" ಎಂಬ ಫಲಕ ಹಾಕಿಕೊಂಡರು. ಅಮೆರಿಕದವರಿಗೆ ಅದು ನೋವಾಯಿತು. ಯಂತ್ರ ಕಾಲಂ ಕೊಡದಿದ್ದರೆ ಜನ ತಾವೇ ಬೇಲಿ ಹಾಕಿಕೊಳ್ಳುತ್ತಾರೆ. ಬೇಲಿಗಿಂತ ಕಾಲಂ ಮೇಲು ಎನ್ನುವುದಕ್ಕೆ ಇದೇ ಸಾಕ್ಷಿ.

ಆ ನಾಲ್ಕು ಭಾಷೆಗಳಲ್ಲಿ ಕನ್ನಡವಿಲ್ಲ. ತಮಿಳಿಲ್ಲ, ತೆಲುಗಿಲ್ಲ, ಹಿಂದಿಯೂ ಇಲ್ಲ. ಜಪಾನಿನವರು ತಮ್ಮ ಗಿರಾಕಿಗಳ ಭಾಷೆ ಇಟ್ಟುಕೊಂಡಿದ್ದಾರೆ, ಅವರ ಮೇಲೆ ನನ್ನ ಸಿಟ್ಟಿಲ್ಲ. ನನ್ನ ಸಿಟ್ಟು ಭಾರತದಲ್ಲೇ ಅಂಗಡಿ ತೆರೆದು, ಕನ್ನಡಿಗರ ಜೇಬಿನ ಹಣ ಎಣಿಸಿಕೊಂಡು, "ಭಾರತ" ಎಂದರೆ ಇಂಗ್ಲಿಷ್ ಇಲ್ಲವೆ ಹಿಂದಿ ಎಂದು ಕೈತೊಳೆದುಕೊಳ್ಳುವವರ ಮೇಲೆ!

ಇಪ್ಪತ್ತು ಚೀಟಿಗಳ ಪರೀಕ್ಷೆ

ಸಿಟ್ಟು ಬಂತೆಂದು ಕೂಡಲೇ ಘೋಷಣೆ ಕೂಗುವುದು ಬೇಡ. ಮೊದಲು ನಾವೇ ಲೆಕ್ಕ ಹಾಕಿ ನೋಡೋಣ. ಕಂಪ್ಯೂಟರ್ ಬೇಡ, ಇಪ್ಪತ್ತು ಚೀಟಿ ಸಾಕು. ಸಭೆಯಲ್ಲಿ ಇದನ್ನು ಮಾಡಿ ತೋರಿಸಿದೆ, ನೀವು ಮನೆಯಲ್ಲಿ ಮಾಡಿ.

ಎರಡು ಚೀಟಿಯ ಮೇಲೆ 'ಎದೆಯೊಡ್ಡುವವ', ನಾಲ್ಕರ ಮೇಲೆ 'ಮದ್ದು', ಹದಿನಾಲ್ಕರ ಮೇಲೆ 'ಹೊಡೆಯುವವ' ಎಂದು ಬರೆಯಿರಿ. ಈಗ ನಾಲ್ವರ ತಂಡ ಕಟ್ಟಿ. ಎಷ್ಟಾಯಿತು? ಎರಡೇ! ಎದೆಯೊಡ್ಡುವವರು ಇಬ್ಬರೇ ಇರುವುದರಿಂದ ಮೂರನೆಯ ತಂಡವಿಲ್ಲ. ಎಂಟು ಜನ ಒಳಗೆ ಹೋದರು, ಹನ್ನೆರಡು ಜನ ಕಾಯುತ್ತಾರೆ. "ನನಗೇಕೆ ಇಷ್ಟು ಹೊತ್ತು ಸಿಗಲಿಲ್ಲ?" ಎಂದು ಗೊಣಗುವ ಹುಡುಗನಿಗೆ ಉತ್ತರ ಇದೇ. ಅವನು ಹದಿನಾಲ್ಕು ಜನರ ಸಾಲಿನಲ್ಲಿ ನಿಂತಿದ್ದಾನೆ.

ಈಗ ಭಾಷೆ ಸೇರಿಸಿ. ಹತ್ತು ಚೀಟಿಗೆ ಅರಿಶಿನ ಹಚ್ಚಿ, ಅವರು ಕನ್ನಡಿಗರು. ಎದೆಯೊಡ್ಡುವ ಇಬ್ಬರೂ, ಹೊಡೆಯುವ ಎಂಟು ಜನರೂ ಕನ್ನಡಿಗರೆನ್ನಿ. ಮದ್ದಿನ ನಾಲ್ವರೂ, ಹೊಡೆಯುವ ಉಳಿದ ಆರು ಜನರೂ ಬೇರೆಯವರು. "ಕನ್ನಡಿಗರು ಕನ್ನಡಿಗರೊಡನೆ ಮಾತ್ರ" ಎಂಬ ಕಟ್ಟುನಿಟ್ಟಿನ ನಿಯಮ ಹಾಕಿ ತಂಡ ಕಟ್ಟಿ. ಎಷ್ಟಾಯಿತು? ಸೊನ್ನೆ! ನಮ್ಮ ಕಡೆ ಮದ್ದಿಲ್ಲ, ಅವರ ಕಡೆ ಎದೆಯೊಡ್ಡುವವರಿಲ್ಲ. ಇಪ್ಪತ್ತು ಜನರೂ ಬಾಗಿಲಲ್ಲೇ ಬಾಕಿ.

ಇದನ್ನು ನಮ್ಮ ಕೆಲವು ಆವೇಶದ ಗೆಳೆಯರು ಗಮನಿಸಬೇಕು. ಕನ್ನಡದ ಹೆಸರಿನಲ್ಲಿ ಗೋಡೆ ಕಟ್ಟಿದರೆ ಮೊದಲು ಕೆಡುವುದು ನಮ್ಮ ಹುಡುಗರ ಆಟವೇ. ಆಗ ಅವರು ಕನ್ನಡವನ್ನೇ ಬೈದುಕೊಂಡು ಇಂಗ್ಲಿಷ್ ಸಾಲಿಗೆ ಹೋಗಿ ನಿಲ್ಲುತ್ತಾರೆ.

ಮೂರನೆಯ ನಿಯಮ ಹಾಕಿ ನೋಡಿ: "ಮೊದಲು ಕನ್ನಡಿಗರನ್ನು ಹುಡುಕು, ಯಾವ ಪಾತ್ರಕ್ಕೆ ಸಿಗುವುದಿಲ್ಲವೋ ಅದಕ್ಕೆ ಮಾತ್ರ ಹೊರಗಿನವರನ್ನು ಕರೆ." ಈಗ? ಕನ್ನಡದ ಎದೆಯೊಡ್ಡುವವ, ಹೊರಗಿನ ಮದ್ದಿನವ, ಹೊಡೆಯುವ ಇಬ್ಬರು ಕನ್ನಡಿಗರು. ಮತ್ತೆ ಎರಡು ತಂಡ, ಮೊದಲಿನಷ್ಟೇ! ಒಂದು ತಂಡವೂ ಕಡಿಮೆಯಾಗಲಿಲ್ಲ, ಜೊತೆಗೆ ಪ್ರತಿ ತಂಡದಲ್ಲೂ ಮೂವರು ಕನ್ನಡಿಗರು. ನಾಲ್ಕನೆಯವನಿಗೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರಾಯಿತು. ನಮ್ಮ ಬೇಡಿಕೆ ಇದು: ಗೋಡೆ ಬೇಡ, ಮೊದಲ ಆಯ್ಕೆ ಬೇಕು.

ನೀವೇ ಪರೀಕ್ಷಿಸಿ, ದಾಖಲೆ ಇಡಿ

ಬಂಧುಗಳೇ, ಅರ್ಜಿಯ ಜೊತೆ ದಾಖಲೆ ಇರಬೇಕು. ಇಲ್ಲದಿದ್ದರೆ ಕಂಪನಿಯವರು "ನಿಮಗೆ ಹಾಗೆ ಅನ್ನಿಸಿರಬೇಕು" ಎಂದು ನಕ್ಕು ಕಳಿಸುತ್ತಾರೆ. ಆಡುವ ಹುಡುಗರಿದ್ದರೆ ನಾಲ್ವರು ಸೇರಿ ಹೀಗೆ ಮಾಡಿ.

ಒಂದು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪಾತ್ರವನ್ನೂ ಭಾಷೆಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಬ್ರಹ್ಮನಿಗೂ ತಿಳಿಯದು.

ಎರಡು: ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಪಾತ್ರ, ಆರಿಸಿದ ಭಾಷೆ, ಆರಿಸಿದ ಸರ್ವರ್, ಕಾದ ನಿಮಿಷ, ಜೊತೆಗಾರರು ಬಳಸಿದ ಭಾಷೆ ಬರೆಯಿರಿ. ಒಂದು ಸಂಜೆಯ ಅನುಭವ ಸಾಕ್ಷಿಯಲ್ಲ. ಒಂದೊಂದು ಬಗೆಯನ್ನೂ ಹತ್ತು ಸಲವಾದರೂ ಮಾಡಿ. ಜೊತೆಗಾರರ ಹೆಸರು ಬರೆಯಬೇಡಿ, ಅದು ನಮಗೆ ಬೇಕಿಲ್ಲ.

ಮೂರು: ಗಡಿಯಾರ ನೋಡಿ. ಟೋಕಿಯೋದಲ್ಲಿ ರಾತ್ರಿ ಒಂಬತ್ತಾದಾಗ ನಮಗೆ ಸಂಜೆ ಐದೂವರೆ. ಜರ್ಮನಿಯಲ್ಲಿ ಚಳಿಗಾಲದ ರಾತ್ರಿ ಒಂಬತ್ತೆಂದರೆ ನಮಗೆ ನಡುರಾತ್ರಿ ಒಂದೂವರೆ. ಅಲ್ಲಿಯ ಜನ ಆಡುವ ಹೊತ್ತಿಗೆ ನೀವು ಮಲಗಿದ್ದರೆ ಸರದಿ ಉದ್ದವಾಗಿ ಕಾಣುತ್ತದೆ. ಅದಕ್ಕೆ ಭಾಷೆ ಕಾರಣವಲ್ಲ.

ನಾಲ್ಕು: ದೂರ ಲೆಕ್ಕಕ್ಕಿಡಿ. ಬೆಂಗಳೂರಿನಿಂದ ಟೋಕಿಯೋಗೆ ನೇರ ದೂರ ಸುಮಾರು 6,700 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು 67 ಮಿಲಿಸೆಕೆಂಡು ಬೇಕೇ ಬೇಕು, ಸಮುದ್ರದಡಿಯ ತಂತಿ ಸುತ್ತಿ ಬಳಸಿ ಹೋಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಇದನ್ನು ಯಾವ ಚಳವಳಿಯೂ ಕಡಿಮೆ ಮಾಡಲಾರದು!

ಐದು: ಕೆಟ್ಟ ಸಂದರ್ಭಗಳನ್ನು ಬೇಕೆಂದೇ ತನ್ನಿ. ತಂಡ ಸಿದ್ಧವಾದಾಗ ಒಬ್ಬ "ಬೇಡ" ಎಂದರೆ ಉಳಿದವರ ಸರದಿ ಉಳಿಯುತ್ತದೆಯೇ, ಕೊನೆಗೆ ಹೋಗುತ್ತದೆಯೇ? ಇಬ್ಬರು ಗೆಳೆಯರು ಒಟ್ಟಿಗೆ ಹೆಸರು ಹಚ್ಚಿ, ಒಬ್ಬ ಒಂದು ಭಾಷೆ, ಇನ್ನೊಬ್ಬ ಇನ್ನೊಂದು ಆರಿಸಿದರೆ ಯಾರ ಆಯ್ಕೆ ನಡೆಯುತ್ತದೆ? ಕಾಯುವಾಗ ಕರೆಂಟು ಹೋದರೆ ಏನಾಗುತ್ತದೆ? ನಮ್ಮ ಊರುಗಳಲ್ಲಿ ಈ ಕೊನೆಯ ಪರೀಕ್ಷೆಗೆ ನಾವೇನೂ ಶ್ರಮಪಡಬೇಕಿಲ್ಲ. ಆದರೆ ಜಾಗ್ರತೆ: ಜೊತೆಯಲ್ಲಿರುವ ಅಪರಿಚಿತರ ಆಟ ಕೆಡಿಸಿ ಪರೀಕ್ಷೆ ಮಾಡಬೇಡಿ, ನಾಲ್ವರೂ ನಮ್ಮವರೇ ಇದ್ದಾಗ ಮಾಡಿ.

ಆರು: ಕನ್ನಡ ಬರೆದು ನೋಡಿ. ಮಾತುಕತೆಯ ಕಿಟಕಿಯಲ್ಲಿ 'ಕರ್ನಾಟಕ' ಎಂದು ಟೈಪ್ ಮಾಡಿ. ಅರ್ಕಾವತ್ತು ತನ್ನ ಜಾಗದಲ್ಲಿ ಕುಳಿತಿದೆಯೇ? ಆಮೇಲೆ 'ಸ್ವಾತಂತ್ರ್ಯ' ಬರೆಯಿರಿ. ಒತ್ತಿನ ಕೆಳಗೆ ಒತ್ತು ಬಂದಿದೆಯೇ, ಅಥವಾ ಅಕ್ಷರಗಳು ಕೈಕಾಲು ಮುರಿದು ಸಾಲಾಗಿ ಬಿದ್ದಿವೆಯೇ? ಬರೀ ಚೌಕ ಚೌಕ ಬಂದರೆ ಅಕ್ಷರರೂಪವೇ ಇಲ್ಲ ಎಂದರ್ಥ. ಚಿತ್ರ ತೆಗೆದಿಡಿ.

ಈ ಆರನೆಯದಕ್ಕೆ ಕಂಪನಿಗಳು ಹೇಳುವ ನೆಪ ಒಂದೇ: "ನಿಮ್ಮ ಲಿಪಿ ಕಷ್ಟ." ಸುಳ್ಳು! ಯುನಿಕೋಡ್‌ನ ಮೊದಲ ಆವೃತ್ತಿ ಬಂದ 1991ರಿಂದಲೂ ಅದರಲ್ಲಿ ಕನ್ನಡವಿದೆ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ 'ಹಾರ್ಫ್‌ಬಜ್' ಎಂಬ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ, ಯಾರು ಬೇಕಾದರೂ ಬಳಸಬಹುದು. ಕಷ್ಟ ಲಿಪಿಯಲ್ಲಿಲ್ಲ, ಮನಸ್ಸಿನಲ್ಲಿದೆ.

ಆಟ ಕಟ್ಟುವ ಊರಿನಲ್ಲೇ ಕನ್ನಡವಿಲ್ಲ

ಇನ್ನೊಂದು ಮಾತು, ಇದು ನಮ್ಮ ನೆಲದ್ದು. 1997ರಲ್ಲೇ ಬೆಂಗಳೂರಿನಲ್ಲಿ 'ಧ್ರುವ ಇಂಟರ್ಯಾಕ್ಟಿವ್' ಎಂಬ ಆಟದ ಕಂಪನಿ ಹುಟ್ಟಿತು. ಭಾರತದ ಆಟದ ಉದ್ಯಮದ ಮೊದಲಿಗರಲ್ಲಿ ಅದೂ ಒಂದು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕೊಂಡಿತು. ಲೋಕದ ದೊಡ್ಡ ಆಟಗಳಿಗೆ ಚಿತ್ರ ಬಿಡಿಸುವ, ತಪ್ಪು ಹುಡುಕುವ ಕೈಗಳು ಎಷ್ಟೋ ನಮ್ಮ ಊರಿನಲ್ಲಿವೆ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದು 2012ರಲ್ಲೇ ನೀತಿ ರೂಪಿಸಿದ ರಾಜ್ಯ ನಮ್ಮದು. 2024ರಿಂದ 2029ರ ಅವಧಿಗೂ ಹೊಸ ನೀತಿ ಬಂದಿದೆ. ಸರ್ಕಾರ ಈ ಉದ್ಯಮಕ್ಕೆ ನೆರವು ಕೊಡುತ್ತದೆ. ಕೊಡಲಿ, ಸಂತೋಷ. ಆದರೆ ಅದು ಕನ್ನಡಿಗರ ತೆರಿಗೆಯ ಹಣ. ನೆರವು ಪಡೆದು ತಯಾರಾಗುವ ಆಟ ಕನ್ನಡ ಅಕ್ಷರ ತೋರಿಸಬಲ್ಲದೇ, ಜೊತೆಗಾರರನ್ನು ಹುಡುಕುವಾಗ ಕನ್ನಡವನ್ನು ಕೇಳುತ್ತದೆಯೇ ಎಂದು ಪರೀಕ್ಷಿಸಿ ಆಮೇಲೆ ಹಣ ಕೊಡಬೇಕು ಎನ್ನುವುದು ಅತಿಯಾಸೆಯೇ?

ಆದ್ದರಿಂದ ನಮ್ಮ ಬೇಡಿಕೆಗಳು ಮೂರೇ. ಭಾರತದಲ್ಲಿ ಮಾರುವ, ತಂಡ ಜೋಡಿಸುವ ಎಲ್ಲ ಆಟಗಳಲ್ಲಿ ಭಾಷೆಯ ಕಾಲಂ ಇರಲಿ, ಅದರಲ್ಲಿ ಕನ್ನಡವಿರಲಿ. ಆ ಕಾಲಂ ಗೋಡೆಯಾಗದೆ ಮೊದಲ ಆಯ್ಕೆಯಾಗಿರಲಿ. ಮಾತುಕತೆಯ ಕಿಟಕಿಯಲ್ಲಿ ಕನ್ನಡ ಲಿಪಿ ಮುರಿಯದೆ ಕಾಣಲಿ.

ಕೊನೆಗೆ ನಮ್ಮ ಕಡೆಯ ತಪ್ಪನ್ನೂ ಹೇಳದೆ ಹೋದರೆ ನಾನು ಪ್ರಾಮಾಣಿಕನಲ್ಲ. ಆ ರಾತ್ರಿ ತಿಪಟೂರಿನ ಹುಡುಗನೂ ನಮ್ಮ ಹುಡುಗನೂ ಅರ್ಧ ಗಂಟೆ ಇಂಗ್ಲಿಷಿನಲ್ಲೇ ಹೆಣಗಿದರಲ್ಲ, ಅವರಿಗೆ ಬಾಯಿ ಕಟ್ಟಿದ್ದವರು ಯಾರು? ಮೊದಲ ಸಾಲನ್ನೇ "ನಮಸ್ಕಾರ, ಕನ್ನಡ ಬಲ್ಲವರಿದ್ದೀರಾ?" ಎಂದು ಬರೆಯಬಹುದಿತ್ತು. ಇಬ್ಬರೂ ಬರೆಯಲಿಲ್ಲ. ಕಾಲಂ ಬಂದ ಮೇಲೂ ಅದರಲ್ಲಿ ಗುರುತು ಹಾಕಬೇಕಾದವರು ನಾವೇ. "ಇಂಗ್ಲಿಷ್ ಹಾಕಿದರೆ ಬೇಗ ಸಿಗುತ್ತದೆ" ಎಂದು ಕನ್ನಡವನ್ನು ಖಾಲಿ ಬಿಟ್ಟರೆ, ಕಂಪನಿಯವನು ಆ ಖಾಲಿ ಕಾಲಮನ್ನೇ ತೋರಿಸಿ "ನೋಡಿ, ಯಾರೂ ಕೇಳುವುದಿಲ್ಲ" ಎಂದು ಅದನ್ನು ಕಿತ್ತುಹಾಕುತ್ತಾನೆ. ಆಗ ನಮಗೆ ಮಾತಾಡಲು ಬಾಯಿರುವುದಿಲ್ಲ.

ಈಗ ಆ ಇಬ್ಬರು ಹುಡುಗರೂ ಗೆಳೆಯರಾಗಿದ್ದಾರೆ. ಪ್ರತಿ ಶನಿವಾರ ಒಟ್ಟಿಗೆ ಆಡುತ್ತಾರೆ, ಕನ್ನಡದಲ್ಲೇ ಜಗಳವಾಡುತ್ತಾರೆ. ನೋಟ್‌ಬುಕ್ಕನ್ನೂ ಅವರೇ ಬರೆಯುತ್ತಿದ್ದಾರೆ. ಅವರಿಬ್ಬರನ್ನು ಸೇರಿಸಿದ್ದು ಒಂದು 'ಅಯ್ಯೋ'. ನಾಳೆಯ ಹುಡುಗರು ಒಬ್ಬರಿಗೊಬ್ಬರು ಸಿಗುವುದಕ್ಕೆ ರಾಕ್ಷಸನ ಕೈಯಲ್ಲಿ ಸಾಯುವವರೆಗೆ ಕಾಯಬೇಕಾದ ಗತಿ ಬರಬಾರದು. ಅದಕ್ಕಾಗಿ ಇಂದೇ ನೋಟ್‌ಬುಕ್ಕು ತೆರೆಯಿರಿ, ಪರೀಕ್ಷೆ ಮಾಡಿ, ಬರೆದಿಡಿ, ನಿಮ್ಮೂರಿನ ಕನ್ನಡ ಸಂಘಕ್ಕೆ ತಲುಪಿಸಿ.

ಸಿರಿಗನ್ನಡಂ ಗೆಲ್ಗೆ!